"ಜ್ಯಾಶು ಎಲ್ಲಿ?": ಚೀನಾದಲ್ಲಿ ಬಸುರಿ, ತವರು ದೂರ

ಪ್ರಶ್ನೆ: ನನಗೀಗ ಒಂಬತ್ತು ವಾರ. ಮೊದಲ ಮಗು. ಗಂಡನ ಕಂಪನಿ ಅವರನ್ನು ಎರಡು ವರ್ಷಕ್ಕೆ ಚೀನಾದ ಸುಝೌಗೆ ಕಳಿಸಿದೆ. ನಾನು ಬಂದು ಮೂರು ತಿಂಗಳಾಯಿತು. ದಾವಣಗೆರೆ ಕಡೆಯವರು, ಮಾಂಸ ಮೊಟ್ಟೆ ಮುಟ್ಟುವುದಿಲ್ಲ, ಇಲ್ಲಿಯ ಭಾಷೆ ಬರುವುದಿಲ್ಲ. ಮೊದಲ ಹೆರಿಗೆ ತವರಲ್ಲೇ ಆಗಬೇಕು ಅಂತ ಅಮ್ಮ. ಇಲ್ಲೇ ಒಳ್ಳೆಯ ಆಸ್ಪತ್ರೆಗಳಿವೆ ಅಂತ ಗಂಡ. ಇಲ್ಲಿ ಬಸುರಿಯಾಗಿ ದಿನ ಕಳೆಯುವುದು ಹೇಗೆ? ಹೆರಿಗೆಯೂ ಇಲ್ಲೇ ಆಗಬಹುದಾ?

ಉತ್ತರ: ಒಳ್ಳೆಯ ಸುದ್ದಿ, ಖುಷಿಯಾಯಿತು. ಒಂಬತ್ತು ವಾರ ಅಂದರೆ ವಾಂತಿ, ಸುಸ್ತು, ಒಗ್ಗರಣೆ ವಾಸನೆಯೂ ಆಗದ ಹೊತ್ತು, ಅದರ ಮೇಲೆ ಬೀದಿ ಮೂಲೆಯಲ್ಲಿ ನಾರುವ ತೋಫು ಕರಿಯುವವನು ಬೇರೆ. ಇನ್ನು ನಾಲ್ಕೈದು ವಾರ ಸಹಿಸಿ, ಹೆಚ್ಚಿನವರಿಗೆ ಆಮೇಲೆ ಕಡಿಮೆಯಾಗುತ್ತದೆ.

ನಾನು ಹಾಸನದವಳು, ನರ್ಸಿಂಗ್ ಓದಿದವಳು. ಒಂಬತ್ತು ವರ್ಷದಿಂದ ನೀವಿರುವ ಊರಲ್ಲೇ ಇದ್ದೇನೆ. ಇಲ್ಲಿಗೆ ಬಂದ ಹೊರದೇಶದ ಬಸುರಿಯರ ಜೊತೆ ಆಸ್ಪತ್ರೆಗೆ ಹೋಗಿ, ಡಾಕ್ಟರ್ ಹೇಳಿದ್ದನ್ನು ತಿರುಗಿಸಿ ಹೇಳಿ, ಅವರ ಕಾಗದ ಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ನನ್ನ ಮಗಳೂ ಇಲ್ಲೇ ಹುಟ್ಟಿದ್ದು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಆಗಬಹುದು, ಆರಾಮಾಗಿ ಆಗಬಹುದು. ಆದರೆ ನಿಮ್ಮ ಮನೆಯಲ್ಲಿ ನಡೆಯುತ್ತಿರುವ ಜಗಳ ತಪ್ಪು ಜಾಗದಲ್ಲಿ ನಿಂತಿದೆ. ಚೀನಾನೋ ದಾವಣಗೆರೆನೋ ಅಂತ ಕೇಳುತ್ತಿದ್ದೀರಿ. ನಾನಾಗಿದ್ದರೆ ಜೊತೆಗೆ ಯಾರಿರುತ್ತಾರೆ ಅಂತ ಕೇಳುತ್ತಿದ್ದೆ.

ಯಾಕೆ ಅಂತ ಹೇಳುತ್ತೇನೆ. ಇಲ್ಲಿಯ ಆಸ್ಪತ್ರೆಗೆ ಹೋದರೆ ನಿಮ್ಮ ಕಿವಿಗೆ ಮತ್ತೆ ಮತ್ತೆ ಬೀಳುವ ಪದ "ಜ್ಯಾಶು". ಅಂದರೆ ಮನೆಯವರು, ರೋಗಿಯ ಕಡೆಯವರು. ನರ್ಸ್ ಬಾಗಿಲು ತೆರೆದು ನಿಮ್ಮ ಹೆಸರು ಕೂಗಿ "ಜ್ಯಾಶು ಎಲ್ಲಿ?" ಅನ್ನುತ್ತಾಳೆ. ದುಡ್ಡು ಕಟ್ಟಲು ಜ್ಯಾಶು, ರಿಪೋರ್ಟ್ ತರಲು ಜ್ಯಾಶು, ಊಟ ತರಲು, ರಾತ್ರಿ ಮಂಚದ ಪಕ್ಕ ಕೂರಲು, ಸಹಿ ಹಾಕಲು, ಎಲ್ಲಕ್ಕೂ ಜ್ಯಾಶು. ನನಗೆ ನೋವು ಶುರುವಾದ ದಿನ ಗಂಡ ಕೆಲಸದ ಮೇಲೆ ದೂರದ ಚೆಂಗ್ಡು ಊರಿಗೆ ಹೋಗಿದ್ದರು. ಒಂದು ಸರ್ಕಾರಿ ಆಸ್ಪತ್ರೆಯ ಕಾರಿಡಾರಿನಲ್ಲಿ ನರ್ಸ್ ಮೂರು ಸಲ ಕೂಗಿದಳು, ಯಾರೂ ಏಳಲಿಲ್ಲ. ಕೊನೆಗೆ ನಾನೇ ಹೊಟ್ಟೆ ಹಿಡಿದುಕೊಂಡು ಎದ್ದು "ನನ್ನ ಜ್ಯಾಶು ನಾನೇ" ಅಂದೆ. ಅವಳು ಗದರಲಿಲ್ಲ, ಪಾಪ, ಗಾಬರಿಯಾದಳು. ಪಕ್ಕದ ಮಂಚದವಳ ಅತ್ತೆ ಬಂದು ನನ್ನ ಫೋನ್ ತೆಗೆದುಕೊಂಡು ಹೋಗಿ ಮುಂಗಡ ಕಟ್ಟಿ ಬಂದರು. ಆ ಆಸ್ಪತ್ರೆಯ ಡಾಕ್ಟರ ಬಗ್ಗೆ ನನಗೆ ಇವತ್ತಿಗೂ ಗೌರವವಿದೆ. ಆದರೆ ಅಲ್ಲಿಯ ವ್ಯವಸ್ಥೆಯೇ ಹಾಗೆ, ಪ್ರತಿ ಬಸುರಿಯ ಹಿಂದೆ ಒಬ್ಬ ಗಂಡ, ಒಬ್ಬ ಅತ್ತೆ, ಒಬ್ಬ ಅಮ್ಮ ಇದ್ದೇ ಇರುತ್ತಾರೆ ಅಂದುಕೊಂಡು ಕಟ್ಟಿದ್ದು. ಒಂಟಿಯಾಗಿ ಹೋದರೆ ಅದರ ಹಲ್ಲುಗಳಿಗೆ ನೀವು ಸಿಕ್ಕಿಹಾಕಿಕೊಳ್ಳುತ್ತೀರಿ. ಸಿಸೇರಿಯನ್‌ಗೆ ಗಂಡನ ಸಹಿ ಕೇಳುವುದು ರೂಢಿ. ಎಚ್ಚರದಲ್ಲಿರುವ ಹೆಂಗಸಿನ ಒಪ್ಪಿಗೆ ಅವಳದೇ, ಕಾನೂನು ಹಾಗೇ ಇದೆ. ಆದರೂ ನನ್ನ ಪರವಾಗಿ ಇಂಥವರು ಸಹಿ ಹಾಕಬಹುದು ಅಂತ ಒಂದು ಅಧಿಕಾರ ಪತ್ರವನ್ನು ಆಸ್ಪತ್ರೆಯಲ್ಲಿ ಮೊದಲೇ ತುಂಬಿ ಇಟ್ಟರೆ ಆ ಹೊತ್ತಿನ ತಲೆಬಿಸಿ ಇರುವುದಿಲ್ಲ.

ಆಸ್ಪತ್ರೆಗಳಲ್ಲಿ ಮೂರು ಥರ. ಸಾಮಾನ್ಯ ಸರ್ಕಾರಿ ಆಸ್ಪತ್ರೆ: ಒಳ್ಳೆಯ ಡಾಕ್ಟರು, ದಿನಕ್ಕೆ ನೂರಾರು ಜನ, ನಿಮಗೆ ಸಿಗುವುದು ಐದು ನಿಮಿಷ, ಇಂಗ್ಲಿಷ್ ಅದೃಷ್ಟದ ಮೇಲೆ. ಎರಡನೆಯದು ಅದೇ ಆಸ್ಪತ್ರೆಯ ವಿಐಪಿ ಇಲ್ಲವೇ ಅಂತರರಾಷ್ಟ್ರೀಯ ವಿಭಾಗ: ಡಾಕ್ಟರು ಅವರೇ, ಸಾಲು ಚಿಕ್ಕದು, ಬಿಲ್ಲು ದೊಡ್ಡದು. ಮೂರನೆಯದು ಪೂರ್ತಿ ಖಾಸಗಿ. ಅಲ್ಲಿ ಹೋಟೆಲಿನ ಹಾಗೆ ನೋಡಿಕೊಳ್ಳುತ್ತಾರೆ, ಹೆರಿಗೆಯ ಪ್ಯಾಕೇಜ್ ಸುಲಭವಾಗಿ ಐವತ್ತು ಸಾವಿರ ಯುವಾನ್ ದಾಟುತ್ತದೆ. ನನ್ನ ಒಲವು ಎರಡನೆಯದಕ್ಕೆ. ಏನಾದರೂ ಎಡವಟ್ಟಾದರೆ ರಕ್ತ, ಐಸಿಯು, ಮಕ್ಕಳ ಡಾಕ್ಟರು ಎಲ್ಲ ಅದೇ ಕಟ್ಟಡದಲ್ಲಿ ಇರುತ್ತಾರೆ. ಸುಝೌ ಸಾಲದು ಅನಿಸಿದರೆ ಹೈಸ್ಪೀಡ್ ರೈಲಿನಲ್ಲಿ ಅರ್ಧ ಗಂಟೆಗೆ ಶಾಂಘೈ. ಅಲ್ಲಿ "ಕೆಂಪು ಮನೆ" ಅಂತ ಜನ ಕರೆಯುವ ಫುದಾನ್ ವಿಶ್ವವಿದ್ಯಾಲಯದ ಹೆರಿಗೆ ಆಸ್ಪತ್ರೆ ಇದೆ, 1884ರಲ್ಲಿ ಶುರುವಾದದ್ದು. ಚೀನಾ ಗಣರಾಜ್ಯ ಸ್ಥಾಪಿಸಿದ ಸನ್ ಯಾತ್ ಸೆನ್ ಅವರ ಪತ್ನಿ ಸೂಂಗ್ ಚಿಂಗ್‌ಲಿಂಗ್ ತಮಗೆ ಬಂದ ಶಾಂತಿ ಬಹುಮಾನದ ಹಣದಿಂದ 1952ರಲ್ಲಿ ಕಟ್ಟಿಸಿದ ತಾಯಿ-ಮಕ್ಕಳ ಆಸ್ಪತ್ರೆಯೂ ಇದೆ. ಆದರೆ ನೋವು ಬಂದ ಮೇಲೆ ರೈಲು ಹತ್ತುವಂತಿಲ್ಲ ಅನ್ನುವುದು ನೆನಪಿರಲಿ. ಶಾಂಘೈಯಲ್ಲೇ ಹೆರಿಗೆ ಅಂದುಕೊಂಡರೆ ಕೊನೆಯ ಎರಡು ಮೂರು ವಾರ ಅಲ್ಲೇ ಮನೆ ಮಾಡಬೇಕು.

ಗಂಡನ ಕಂಪನಿಯ ವಿಮೆಯ ಕಾಗದವನ್ನು ಇವತ್ತೇ ತೆಗೆದು ಓದಿ. ಹೆರಿಗೆಗೆ ಹತ್ತು ಹನ್ನೆರಡು ತಿಂಗಳ ಕಾಯುವ ಅವಧಿ ಇಟ್ಟಿರುವ ಪಾಲಿಸಿಗಳು ಜಾಸ್ತಿ. ನಿಮ್ಮದು ಹಾಗಿದ್ದರೆ ಲೆಕ್ಕವೇ ಬದಲಾಗುತ್ತದೆ.

ಈಗ ಮಾಡಬೇಕಾದ ಕೆಲಸ "ಜ್ಯೆನ್‌ದಾಂಗ್". ಅಂದರೆ ಆಸ್ಪತ್ರೆಯಲ್ಲಿ ನಿಮ್ಮ ಹೆಸರಲ್ಲಿ ಬಸುರಿಯ ಫೈಲು ತೆರೆಸುವುದು. ನಮ್ಮ ಕಡೆ ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಮಾಡಿಸಿಕೊಡುತ್ತಾರಲ್ಲ, ಹೆಚ್ಚುಕಮ್ಮಿ ಅದೇ ಕೆಲಸ. ವ್ಯತ್ಯಾಸ ಏನೆಂದರೆ ಇಲ್ಲಿ ಫೈಲು ತೆರೆದ ಆಸ್ಪತ್ರೆಯಲ್ಲೇ ಹೆರಿಗೆಯ ಮಂಚ ನಿಮಗೆ ಮೀಸಲು. ಹೆಸರಾದ ಆಸ್ಪತ್ರೆಗಳಲ್ಲಿ ಜಾಗ ಬೇಗ ತುಂಬುತ್ತದೆ, ಹನ್ನೆರಡನೇ ವಾರದೊಳಗೆ ಮುಗಿಸಿ. ಪಾಸ್‌ಪೋರ್ಟ್ ಬೇಕು. ನೋಂದಣಿ ವೀಚಾಟ್‌ನಲ್ಲೋ ಅಲಿಪೇಯಲ್ಲೋ, ಅಂದರೆ ಫೋನಿನ ಆ್ಯಪ್‌ನಲ್ಲೇ ನಡೆಯುತ್ತದೆ, ಎಷ್ಟೋ ಕಡೆ ಅದು ಚೀನೀ ಗುರುತಿನ ಚೀಟಿಯ ನಂಬರನ್ನೇ ಕೇಳಿ ಪಾಸ್‌ಪೋರ್ಟ್ ಒಪ್ಪುವುದಿಲ್ಲ. ಆಗ ಬೆಳಿಗ್ಗೆ ಏಳಕ್ಕೆ ಕಿಟಕಿಗೇ ಹೋಗಿ ನಿಲ್ಲಬೇಕು. ಪ್ರತಿ ಪರೀಕ್ಷೆಗೂ ಮೊದಲು ಹಣ, ಆಮೇಲೆ ಸೂಜಿ. ರಿಪೋರ್ಟನ್ನು ಮೆಷಿನ್ನಿನಿಂದ ನೀವೇ ಪ್ರಿಂಟ್ ತೆಗೆದುಕೊಳ್ಳುವುದು. ಎರಡು ಸಲ ಹೋದರೆ ಅಭ್ಯಾಸವಾಗುತ್ತದೆ, ಮೊದಲ ಸಲ ಮಾತ್ರ ಭಾಷೆ ಬರುವವರನ್ನು ಕರೆದುಕೊಂಡು ಹೋಗಿ.

ಪರೀಕ್ಷೆಗಳ ಬಗ್ಗೆ ಉದ್ದಕ್ಕೆ ಬರೆಯುವುದಿಲ್ಲ, ಊರಲ್ಲಿ ಮಾಡುವಂಥವೇ. ಹನ್ನೊಂದರಿಂದ ಹದಿನಾಲ್ಕನೇ ವಾರದೊಳಗೆ ಮಗುವಿನ ಕುತ್ತಿಗೆಯ ಸ್ಕ್ಯಾನ್, ಆಮೇಲೆ ಡೌನ್ ಸಿಂಡ್ರೋಮ್ ಪತ್ತೆಗೆ ರಕ್ತ, 20ರಿಂದ 24ರಲ್ಲಿ ಮಗುವಿನ ಅಂಗಾಂಗ ನೋಡುವ ದೊಡ್ಡ ಸ್ಕ್ಯಾನ್, 24ರಿಂದ 28ರಲ್ಲಿ ಸಕ್ಕರೆ ನೀರು ಕುಡಿಸಿ ಶುಗರ್. ಗಂಡೋ ಹೆಣ್ಣೋ ಇಲ್ಲಿಯೂ ಹೇಳುವಂತಿಲ್ಲ, ನಮ್ಮಲ್ಲಿ 1994ರ ಕಾಯಿದೆ ಇದ್ದ ಹಾಗೆ ಇವರಲ್ಲೂ ಇದೆ. ಹಾಗಾಗಿ ನೆರೆಹೊರೆಯವರು ತಾವೇ ಹೇಳುತ್ತಾರೆ. ಹುಳಿ ಬೇಕೆನಿಸಿದರೆ ಗಂಡು, ಖಾರ ಬೇಕೆನಿಸಿದರೆ ಹೆಣ್ಣು ಅಂತ ಇಲ್ಲೊಂದು ಗಾದೆ. ನಾನು ದಿನಾ ಹುಣಸೆಹಣ್ಣಿನ ಗೊಜ್ಜಿಗೆ ಹಸಿಮೆಣಸಿನಕಾಯಿ ಜಜ್ಜಿ ಹಾಕಿಕೊಂಡು ತಿನ್ನುತ್ತಿದ್ದೆ, ನಮ್ಮ ಕೆಳಗಿನ ಮನೆಯ ಅಜ್ಜಿಯ ಲೆಕ್ಕ ಪೂರ್ತಿ ಕೆಟ್ಟುಹೋಯಿತು.

ಆದರೆ ಒಂದು ವಿಷಯದಲ್ಲಿ ತಮಾಷೆ ಬೇಡ. ನಿಮ್ಮ ರಕ್ತದ ಗುಂಪು ಯಾವುದು? ನೀವು ಬರೆದಿಲ್ಲ. ಪಾಸಿಟಿವ್ ಆಗಿದ್ದರೆ ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ನೆಗೆಟಿವ್ ಆಗಿದ್ದರೆ ಕೂತು ಓದಿ. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು ಐದು ಜನ ಆರ್‌ಎಚ್ ನೆಗೆಟಿವ್. ಚೀನಾದ ಬಹುಸಂಖ್ಯಾತ ಹಾನ್ ಜನರಲ್ಲಿ ಸಾವಿರಕ್ಕೆ ಸುಮಾರು ಮೂರು. ಅದಕ್ಕೇ ಇವರು ಅದನ್ನು "ಪಾಂಡಾ ರಕ್ತ" ಅನ್ನುತ್ತಾರೆ, ಪಾಂಡಾದಷ್ಟೇ ಅಪರೂಪ ಅಂತ. ಇದರಿಂದ ಎರಡು ತೊಂದರೆ. ಹೆರಿಗೆಯಲ್ಲಿ ರಕ್ತ ಬೇಕಾದರೆ ಹೊಂದಿಸುವುದು ಕಷ್ಟ. ಎರಡನೆಯದು, ತಾಯಿ ನೆಗೆಟಿವ್ ಆಗಿ ಮಗು ಪಾಸಿಟಿವ್ ಆದರೆ ಮುಂದಿನ ಮಗುವಿಗೆ ತೊಂದರೆಯಾಗದಿರಲಿ ಅಂತ ಕೊಡುವ ಆಂಟಿ-ಡಿ ಇಂಜೆಕ್ಷನ್. ದಾವಣಗೆರೆಯಲ್ಲಿ ಡಾಕ್ಟರು ಚೀಟಿ ಬರೆದರೆ ಮೆಡಿಕಲ್ ಸ್ಟೋರಲ್ಲಿ ಸಿಗುತ್ತದೆ, ಇಲ್ಲಿ ಅದನ್ನು ಹೊಂದಿಸುವುದು ದೊಡ್ಡ ಸಾಹಸ, ಹಾಂಗ್‌ಕಾಂಗ್‌ಗೆ ಹೋಗಿ ಹಾಕಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ. 28ನೇ ವಾರಕ್ಕೊಂದು, ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು ಬೇಕಾಗುತ್ತದೆ. ಹಾಗಾಗಿ ನೆಗೆಟಿವ್ ಆದವರಿಗೆ ನಾನು ಸುತ್ತಿ ಬಳಸಿ ಹೇಳುವುದಿಲ್ಲ: ಊರಿಗೆ ಹೋಗಿ. ಈಗಲೇ ಸ್ವಲ್ಪ ರಕ್ತ ಕಂಡರೂ ತಡ ಮಾಡದೆ ಡಾಕ್ಟರಿಗೆ ಗುಂಪು ಹೇಳಿ ತೋರಿಸಿ.

ಇನ್ನು ರಿಪೋರ್ಟ್ ಕೈಗೆ ಬಂದಾಗ ನಮ್ಮವರು ಬೆಚ್ಚಿಬೀಳುವುದು ಅಂಕಿ ನೋಡಿ. ಹಿಮೋಗ್ಲೋಬಿನ್ 108 ಅಂತ ಇರುತ್ತದೆ. ಇಲ್ಲಿ ಲೀಟರಿಗೆ ಲೆಕ್ಕ, ಹತ್ತರಿಂದ ಭಾಗಿಸಿದರೆ ನಮ್ಮ 10.8. 110ಕ್ಕಿಂತ ಕಡಿಮೆ ಅಂದರೆ ರಕ್ತ ಕಮ್ಮಿ ಅಂತ ಅರ್ಥ. ಶುಗರ್ 5.1 ಅಂತ ಇದ್ದರೆ ಅಮ್ಮನಿಗೆ ಫೋನ್ ಮಾಡಿ "ನನಗೆ ಶುಗರೇ ಇಲ್ಲ" ಅನ್ನಬೇಡಿ. ಇಲ್ಲಿಯ ಅಂಕಿಯನ್ನು 18ರಿಂದ ಗುಣಿಸಿದರೆ ನಮ್ಮ ಲೆಕ್ಕ ಬರುತ್ತದೆ, 5.1 ಅಂದರೆ 92. ಸಕ್ಕರೆ ನೀರಿನ ಪರೀಕ್ಷೆಯಲ್ಲಿ ಖಾಲಿ ಹೊಟ್ಟೆಗೆ 5.1, ಒಂದು ಗಂಟೆಗೆ 10.0, ಎರಡು ಗಂಟೆಗೆ 8.5, ಈ ಮೂರರಲ್ಲಿ ಒಂದನ್ನು ಮುಟ್ಟಿದರೂ ಬಸುರಿನ ಸಕ್ಕರೆ ಕಾಯಿಲೆ ಅನ್ನುತ್ತಾರೆ. ನಮ್ಮವರಲ್ಲಿ ಅದು ಜಾಸ್ತಿ, ಮೂರು ಹೊತ್ತೂ ಅನ್ನ ತಿನ್ನುವವರು ಈಗಿನಿಂದಲೇ ಒಂದು ಹೊತ್ತು ಬದಲಾಯಿಸಿ. ತೂಕ "ಜಿನ್" ಲೆಕ್ಕ, ಒಂದು ಜಿನ್ ಅಂದರೆ ಅರ್ಧ ಕಿಲೋ. ಮಗು ಆರು ಜಿನ್ ಅಂದಾಗ ಆರು ಕಿಲೋ ಅಂತ ಹೆದರಿ ಅತ್ತವರೂ ಇದ್ದಾರೆ. ಜ್ವರ ಸೆಲ್ಸಿಯಸ್‌ನಲ್ಲಿ, 38 ಅಂದರೆ ನಮ್ಮ 100.4.

ಊಟದ ವಿಷಯಕ್ಕೆ ಬರೋಣ. ನಿಮ್ಮ ನಿಜವಾದ ದಿನನಿತ್ಯದ ಚಿಂತೆ ಇದೇ ಅಲ್ವಾ? "ವೊ ಚ್ ಸು" ಅಂದರೆ ನಾನು ಸಸ್ಯಾಹಾರಿ ಅಂತ. ಆದರೆ ಅಷ್ಟಕ್ಕೇ ನಂಬಬೇಡಿ. ಇಲ್ಲಿಯವರಿಗೆ ಹುರುಳಿಕಾಯಿ ಪಲ್ಯದ ಮೇಲೆ ಉದುರಿಸಿದ ಹಂದಿ ಕೈಮ ಮಾಂಸವೇ ಅಲ್ಲ, ಅದೊಂದು ಒಗ್ಗರಣೆ. ಸೊಪ್ಪನ್ನು ಹಂದಿ ಕೊಬ್ಬಿನಲ್ಲಿ ಹುರಿಯುವವರಿದ್ದಾರೆ. ಮೀನು ಬೇಡ, ಸಿಗಡಿ ಬೇಡ, ಮಾಂಸದ ಸಾರು ಬೇಡ, ಮೊಟ್ಟೆ ಬೇಡ ಅಂತ ಬಿಡಿಬಿಡಿಯಾಗಿ ಚೀನೀ ಲಿಪಿಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳಿ, ಹೋಟೆಲಿನವರಿಗೆ ಅದನ್ನೇ ತೋರಿಸಿ. ಬೌದ್ಧ ದೇವಸ್ಥಾನಗಳ ಹತ್ತಿರ ಅಪ್ಪಟ ಸಸ್ಯಾಹಾರಿ ಹೋಟೆಲುಗಳಿರುತ್ತವೆ, ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಮನೆ ಅಡುಗೆಗೆ ಏನೂ ಕೊರತೆಯಿಲ್ಲ. ಹೆಸರುಕಾಳು, ಶೇಂಗಾ, ಎಳ್ಳು, ಸೋಯಾ, ಹತ್ತು ಥರದ ಸೊಪ್ಪು ಯಾವ ಸಂತೆಯಲ್ಲೂ ಸಿಗುತ್ತವೆ. ತೊಗರಿಬೇಳೆ, ಸಾಂಬಾರ್ ಪುಡಿ, ಹುಣಸೆಹಣ್ಣು ಆನ್‌ಲೈನ್ ಅಂಗಡಿ ತಾವ್‌ಬಾವ್‌ನಲ್ಲಿ ತರಿಸಬಹುದು. ಮೊಸರು ಕೊಳ್ಳುವಾಗ ಸಕ್ಕರೆ ಹಾಕದ್ದು ನೋಡಿ ಕೊಳ್ಳಿ, ಇಲ್ಲದಿದ್ದರೆ ಮೊಸರನ್ನ ಪಾಯಸವಾಗುತ್ತದೆ. ಬಿ12 ಮಾತ್ರ ಮರೆಯಬೇಡಿ, ಮೊಟ್ಟೆಯೂ ತಿನ್ನದವರಲ್ಲಿ ಅದು ಕಡಿಮೆಯಾಗುವುದು ಸಾಮಾನ್ಯ. ಇಲ್ಲಿಯ ಡಾಕ್ಟರಿಗೆ ಅದು ತಾನಾಗಿ ಹೊಳೆಯುವುದಿಲ್ಲ, ನೀವೇ ಕೇಳಿ ಪರೀಕ್ಷೆ ಮಾಡಿಸಿ. ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ, ಈಗಾಗಲೇ ನುಂಗುತ್ತಿದ್ದೀರಿ ಅಂದುಕೊಂಡಿದ್ದೇನೆ.

ಔಷಧಿ ಅಂಗಡಿಯಲ್ಲಿ ನೆಗಡಿಗೆ ಅಂತ ಕೇಳಿದರೆ ಗಿಡಮೂಲಿಕೆಯ ಪುಡಿ ಕೊಡುತ್ತಾರೆ. ಗಿಡಮೂಲಿಕೆ ತಾನೇ ಅಂತ ಕುಡಿಯಬೇಡಿ. ಫೋನಿನ ಕ್ಯಾಮೆರಾದಿಂದ ಡಬ್ಬಿಯ ಬರಹವನ್ನು ಭಾಷಾಂತರಿಸಿ ನೋಡಿ. "ಯುನ್‌ಫು ಜಿನ್‌ಯೋಂಗ್" ಅಂತ ಇದ್ದರೆ ಬಸುರಿಯರು ತೆಗೆದುಕೊಳ್ಳಲೇಬಾರದು, "ಯುನ್‌ಫು ಶೆನ್‌ಯೋಂಗ್" ಇದ್ದರೆ ಡಾಕ್ಟರನ್ನು ಕೇಳದೆ ಬೇಡ.

ಬೀದಿಗೆ ಬಂದರೆ ನಿಮಗೆ ಅಪ್ಪಣೆ ಕೊಡುವವರು ತುಂಬಾ ಜನ. ತಣ್ಣೀರು ಕುಡಿದರೆ ಬೈಗುಳ. ಕಣಕಾಲು ಕಾಣಿಸಿದರೆ ಬೈಗುಳ. ತಲೆನೋವು, ವಾಂತಿ, ಬೇಸರ, ಯಾವುದಕ್ಕಾದರೂ ಮದ್ದು ಒಂದೇ, ಬಿಸಿನೀರು ಜಾಸ್ತಿ ಕುಡಿ. ಏಡಿ ತಿನ್ನಬೇಡ ಅನ್ನುತ್ತಾರೆ, ನಿಮಗದು ಹೇಗೂ ಬೇಡ. ನಮ್ಮಲ್ಲಿ ಪಪ್ಪಾಯಿ ಬೇಡ, ಎಳ್ಳು ಬೇಡ ಅನ್ನುವ ಹಾಗೆ ಅದೊಂದು ಪಟ್ಟಿ. ಕಂಪ್ಯೂಟರು ಮೊಬೈಲಿನ ಕಿರಣ ತಡೆಯುತ್ತದೆ ಅಂತ ಲೋಹದ ಎಳೆ ನೇಯ್ದ ಮೇಲುಡುಪು ಹಾಕಿಕೊಂಡು ಆಫೀಸಿಗೆ ಹೋಗುವ ಬಸುರಿಯರನ್ನು ನೋಡುತ್ತೀರಿ. ಅದರಿಂದ ಉಪಯೋಗವಿಲ್ಲ, ದುಡ್ಡು ದಂಡ. ಆದರೆ ಯಾರಾದರೂ ಪ್ರೀತಿಯಿಂದ ಉಡುಗೊರೆ ಕೊಟ್ಟರೆ ಸುಮ್ನೆ ತೆಗೆದುಕೊಳ್ಳಿ. ಈ ಹಿರಿಯ ಹೆಂಗಸರನ್ನು ಇಲ್ಲಿ "ಆಯಿ" ಅನ್ನುತ್ತಾರೆ, ಚಿಕ್ಕಮ್ಮ ಅನ್ನುವ ಅರ್ಥ. ನಮ್ಮ ಬೆಳಗಾವಿ ಧಾರವಾಡ ಕಡೆ ಅಜ್ಜಿಗೆ ಆಯಿ ಅನ್ನುತ್ತಾರಲ್ಲ, ಮೊದಲ ಸಲ ಕೇಳಿದಾಗ ನನಗೆ ಕಣ್ಣು ತುಂಬಿತ್ತು. ಅವರ ಬುದ್ಧಿಮಾತಿಗೆ ಮೊದಮೊದಲು ನನಗೂ ರೇಗುತ್ತಿತ್ತು. ಆಮೇಲೆ ಅರ್ಥವಾಯಿತು, ಅವರು ಮಾತಾಡಿಸುತ್ತಿರುವುದು ನನ್ನ ಪಕ್ಕದಲ್ಲಿ ಯಾರೂ ಇಲ್ಲದ್ದನ್ನು ಕಂಡು. ನಿಮ್ಮ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಸಂಜೆ ಮೊಮ್ಮಕ್ಕಳನ್ನು ಆಡಿಸುತ್ತಾ ಕೂರುವ ಆಯಿಯರ ಹತ್ತಿರ ಹೋಗಿ ಕೂತುಕೊಳ್ಳಿ. ಭಾಷೆ ಬೇಡ, ಹೊಟ್ಟೆ ತೋರಿಸಿದರೆ ಸಾಕು. ನನ್ನ ಮೊದಲ ಜ್ಯಾಶು ಸಿಕ್ಕಿದ್ದು ಅಲ್ಲೇ.

ಉಳಿದದ್ದು ಬೇಗ ಹೇಳುತ್ತೇನೆ. ಮೆಟ್ರೋದಲ್ಲಿ ಹೊಟ್ಟೆ ಕಂಡರೆ ಸೀಟು ಬಿಡುತ್ತಾರೆ, ಕಾಣದ ತಿಂಗಳಲ್ಲಿ ಬಾಯಿಬಿಟ್ಟು ಕೇಳಬೇಕು, "ಯುನ್‌ಫು" ಅಂದರೆ ಬಸುರಿ. ಹೊರಗಿನ ಶೌಚಾಲಯಗಳು ಕುಕ್ಕರುಗಾಲಿನವೇ ಜಾಸ್ತಿ. ಎಂಟನೇ ತಿಂಗಳಲ್ಲಿ ಎದ್ದು ನಿಲ್ಲಲು ಹಿಡಿಗಂಬಿ ಇರುವುದಿಲ್ಲ, ಅಂಗವಿಕಲರ ಕೋಣೆಗೆ ಹೋಗಿ. ಟಿಶ್ಯೂ ನಿಮ್ಮದೇ ಇರಲಿ. ನಲ್ಲಿ ನೀರು ಕುದಿಸದೆ ಕುಡಿಯಬೇಡಿ. ಕೆಲವು ಹೋಟೆಲುಗಳಲ್ಲಿ ಇನ್ನೂ ಒಳಗೇ ಸಿಗರೇಟು ಸೇದುವವರಿದ್ದಾರೆ, ಎದ್ದು ಬನ್ನಿ, ಮುಲಾಜು ಬೇಡ. ಚಳಿಗಾಲದಲ್ಲಿ ಗಾಳಿ ಕೆಡುವ ದಿನ ಕಿಟಕಿ ಮುಚ್ಚಿ. ಆಂಬ್ಯುಲೆನ್ಸ್ ನಂಬರ್ 120, ಮನೆ ವಿಳಾಸವನ್ನು ಚೀನೀ ಲಿಪಿಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ.

ಒಂಟಿತನದ ಬಗ್ಗೆ ನೀವು ಬರೆದಿಲ್ಲ, ಆದರೆ ಬರುತ್ತದೆ. ಗಂಡ ಬೆಳಿಗ್ಗೆ ಫ್ಯಾಕ್ಟರಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ನಾವು ಊರಿಗಿಂತ ಎರಡೂವರೆ ಗಂಟೆ ಮುಂದೆ, ನಿಮಗೆ ಹೊಟ್ಟೆ ತೊಳಸಿ ಎಚ್ಚರವಾದಾಗ ಅಮ್ಮ ಇನ್ನೂ ಮಲಗಿರುತ್ತಾರೆ. ಅದರ ಮೇಲೆ ಇಲ್ಲಿ ವಾಟ್ಸಾಪ್ ಇಲ್ಲ, ಅಲ್ಲಿ 2020ರಿಂದ ವೀಚಾಟ್ ಇಲ್ಲ. ಎರಡು ಸರ್ಕಾರಗಳ ನಿಷೇಧದ ನಡುವೆ ತಾಯಿ ಮಗಳ ಮಾತೇ ನಿಂತುಹೋಗುತ್ತದೆ. ಭಾರತದ ಸಿಮ್ಮನ್ನು ರೋಮಿಂಗ್‌ನಲ್ಲಿ ಇಟ್ಟುಕೊಂಡರೆ ವಾಟ್ಸಾಪ್ ನಡೆಯುತ್ತದೆ, ಖರ್ಚಾದರೂ ಇಟ್ಟುಕೊಳ್ಳಿ. ಈ ಖರ್ಚನ್ನು ಔಷಧಿಯ ಲೆಕ್ಕಕ್ಕೆ ಬರೆಯಿರಿ.

ಹೆರಿಗೆಯ ದಿನದ ಬಗ್ಗೆ ಮೊದಲೇ ಮೂರು ಪ್ರಶ್ನೆ ಕೇಳಿಡಿ. ಗಂಡನನ್ನು ಒಳಗೆ ಬಿಡುತ್ತೀರಾ? ಎಷ್ಟೋ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಡುವುದಿಲ್ಲ, ಕೆಲವು ಕಡೆ ಬೇರೆ ಶುಲ್ಕ ಕಟ್ಟಿದರೆ ಪ್ರತ್ಯೇಕ ಕೋಣೆ ಕೊಟ್ಟು ಬಿಡುತ್ತಾರೆ. ನೋವು ಕಡಿಮೆ ಮಾಡುವ ಬೆನ್ನಿನ ಇಂಜೆಕ್ಷನ್ ರಾತ್ರಿಯೂ ಸಿಗುತ್ತದಾ? 2018ರಲ್ಲಿ ಸರ್ಕಾರವೇ ಇದನ್ನು ಹರಡಲು ಯೋಜನೆ ಶುರು ಮಾಡಿದ ಮೇಲೆ ಪರಿಸ್ಥಿತಿ ಸುಧಾರಿಸಿದೆ, ಆದರೆ ಅರಿವಳಿಕೆ ಡಾಕ್ಟರು ಇಲ್ಲದ ರಾತ್ರಿಗಳು ಇರುತ್ತವೆ. ಮೂರನೆಯದು ಸಿಸೇರಿಯನ್. ಇಲ್ಲಿ ಅದು ಜಾಸ್ತಿ, 2014ರ ಲೆಕ್ಕದಲ್ಲಿ ಮೂರಕ್ಕೊಂದಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು. ಆಮೇಲೆ ಸರ್ಕಾರ ಬಿಗಿ ಮಾಡಿದೆ, ಸುಮ್ಮಸುಮ್ಮನೆ ಕೇಳಿದರೆ ಸರ್ಕಾರಿ ಡಾಕ್ಟರು ಒಪ್ಪುವುದಿಲ್ಲ. ನಮ್ಮೂರಿನ ಖಾಸಗಿ ನರ್ಸಿಂಗ್ ಹೋಮ್‌ಗಳನ್ನು ನೋಡಿದವರು ಚೀನಾವನ್ನು ಬೈಯುವ ಹಾಗೂ ಇಲ್ಲ ಬಿಡಿ.

ನಿಮ್ಮ ಅಮ್ಮನಿಗೆ ಸಮಾಧಾನ ಹೇಳಬೇಕಾದರೆ ಬಾಣಂತನದ ವಿಷಯ ಹೇಳಿ. ಬಾಣಂತನವನ್ನು ನಮ್ಮಷ್ಟೇ ಗಂಭೀರವಾಗಿ ತೆಗೆದುಕೊಳ್ಳುವ ಜನ ಅಂದರೆ ಇವರು. "ಜುವೊ ಯುಯೇಜ" ಅಂದರೆ ತಿಂಗಳು ಕೂರುವುದು. ಗಾಳಿಗೆ ಹೋಗಬಾರದು, ತಣ್ಣಗಿನದು ಮುಟ್ಟಬಾರದು, ಕಿವಿ ತಲೆ ಮುಚ್ಚಬೇಕು, ಭಾರ ಎತ್ತಬಾರದು. ಕೇಳಿದರೆ ನಮ್ಮಜ್ಜಿಯೇ ಮಾತಾಡಿದ ಹಾಗೆ. ಒಂದೇ ಒಂದು ಕಡೆ ದಾರಿ ಬೇರೆ. ನಾವು ಬಾಣಂತಿಗೆ ಎಣ್ಣೆ ಹಚ್ಚಿ ಹಂಡೆಗಟ್ಟಲೆ ಬಿಸಿನೀರು ಹೊಯ್ಯುತ್ತೇವೆ, ಇವರ ಹಳೆಯ ಪದ್ಧತಿಯಲ್ಲಿ ತಿಂಗಳು ಪೂರ್ತಿ ತಲೆಗೆ ನೀರೇ ಇಲ್ಲ. ನನ್ನಮ್ಮ ಬಂದು ನನಗೆ ನೀರು ಹಾಕುವಾಗ ಮನೆಗೆಲಸಕ್ಕೆ ಬರುತ್ತಿದ್ದ ಆಯಿ ಬಾಗಿಲಲ್ಲೇ ಕೂತು ಅತ್ತುಬಿಟ್ಟಿದ್ದರು, ಈ ಹುಡುಗಿಗೆ ಮುದುಕಿಯಾದಾಗ ತಲೆನೋವು ಗ್ಯಾರಂಟಿ ಅಂತ. ಅಮ್ಮನೂ ಬಿಡಲಿಲ್ಲ. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದರೂ ಜಗಳ ಅಚ್ಚುಕಟ್ಟಾಗಿ ನಡೆಯಿತು. ಮಾರನೇ ದಿನ ಅದೇ ಆಯಿ ನವಣೆ ಗಂಜಿಗೆ ಕೆಂಪು ಸಕ್ಕರೆ ಹಾಕಿ ತಂದುಕೊಟ್ಟರು. ಉತ್ತರ ಚೀನಾದ ಕಡೆ ಬಾಣಂತಿಗೆ ಅದೇ ಮೊದಲ ಆಹಾರ. ಕೆಂಪು ಸಕ್ಕರೆ ಅಂದರೆ ಹೆಚ್ಚುಕಮ್ಮಿ ನಮ್ಮ ಬೆಲ್ಲ. ನವಣೆಗೆ ಇಲ್ಲಿ "ಶಿಯಾವ್‌ಮಿ" ಅನ್ನುತ್ತಾರೆ, ಹೌದು, ನಿಮ್ಮ ಕೈಯಲ್ಲಿರಬಹುದಾದ ಶಿಯೋಮಿ ಫೋನಿನ ಹೆಸರು ಅದೇ ಪದ. ಅಮ್ಮ ಒಂದು ಚಮಚ ಬಾಯಿಗಿಟ್ಟು "ಅಯ್ಯೋ, ಇದು ನಮ್ದೇ" ಅಂದರು.

ಅಮ್ಮ ಬರಲಾಗದಿದ್ದರೆ "ಯುಯೇಸಾವ್" ಅಂತ ಬಾಣಂತನ ಮಾಡಲೆಂದೇ ಇರುವ ಹೆಂಗಸರು ಸಿಗುತ್ತಾರೆ. ಸಾಮಾನ್ಯವಾಗಿ 26 ದಿನದ ಲೆಕ್ಕ, ಈ ಭಾಗದಲ್ಲಿ ಹತ್ತು ಸಾವಿರ ಯುವಾನ್‌ಗಿಂತ ಮೇಲೆ. ಮಗುವನ್ನು ನೋಡಿಕೊಳ್ಳುವುದರಲ್ಲಿ ಬಹಳ ಜನ ನಿಸ್ಸೀಮರು, ಆದರೆ ಹಂದಿ ಕಾಲಿನ ಸೂಪು ಕುಡಿಯದೆ ಹಾಲು ಬರುತ್ತದೆ ಅಂತ ಅವರನ್ನು ಒಪ್ಪಿಸಲು ನಿಮಗೆ ವಾರ ಬೇಕು. ಆಸ್ಪತ್ರೆಯ ರಾತ್ರಿಗಳಿಗೆ ದಿನದ ಲೆಕ್ಕದಲ್ಲಿ "ಹುಗೋಂಗ್" ಅಂತ ಆರೈಕೆಯವರೂ ಸಿಗುತ್ತಾರೆ.

ಕಾಗದದ ಕೆಲಸ ಹೆರಿಗೆಗಿಂತ ಉದ್ದ. ಇಲ್ಲಿ ಹುಟ್ಟಿದ ಮಾತ್ರಕ್ಕೆ ಮಗು ಚೀನಾದ ಪ್ರಜೆ ಆಗುವುದಿಲ್ಲ, ಅಪ್ಪ ಅಮ್ಮ ಇಬ್ಬರೂ ಭಾರತೀಯರಾದರೆ ಮಗುವೂ ಭಾರತೀಯ. ಆಸ್ಪತ್ರೆ ಕೊಡುವ ಜನನ ಪ್ರಮಾಣಪತ್ರ ಹಿಡಿದು ಶಾಂಘೈಯ ಭಾರತೀಯ ಕಾನ್ಸುಲೇಟಿನಲ್ಲಿ ಜನನ ನೋಂದಣಿ, ಪಾಸ್‌ಪೋರ್ಟ್. ನೋಂದಣಿ ಒಂದು ವರ್ಷದೊಳಗೆ ಆಗಬೇಕು. ಆದರೆ ಚೀನಾದ ಕಾನೂನು ಅಷ್ಟು ಕಾಯುವುದಿಲ್ಲ, ಮಗು ಹುಟ್ಟಿದ 60 ದಿನದೊಳಗೆ ಪೊಲೀಸರ ವಲಸೆ ಕಚೇರಿಯಲ್ಲಿ ವಾಸದ ದಾಖಲೆ ಮಾಡಿಸಬೇಕು. ಹಾಗಾಗಿ ನಾಮಕರಣದವರೆಗೆ ಹೆಸರು ಬಾಯಿಬಿಡಬಾರದು ಅನ್ನುವ ಶಾಸ್ತ್ರ ಇದ್ದರೆ ಮನಸ್ಸಿನಲ್ಲಾದರೂ ಹೆಸರು ಸಿದ್ಧವಿರಲಿ, ಪ್ರಮಾಣಪತ್ರ ಮಾಡಿಸುವಾಗ ಬೇಕು. ಅಪ್ಪನ ಹೆಸರು ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ, ಅಕ್ಷರ ಅಕ್ಷರ ನೋಡಿ ಬರೆಸಿ. ನಮ್ಮ ಇನಿಷಿಯಲ್ ಪದ್ಧತಿ ಇಲ್ಲಿಯ ಕಂಪ್ಯೂಟರಿಗೆ ಅರ್ಥವಾಗುವುದಿಲ್ಲ, ಬಿಡಿಸಿ ಬರೆಸಿ. ತಪ್ಪಾದರೆ ತಿದ್ದಿಸುವುದು ದೊಡ್ಡ ಅಲೆದಾಟ.

ಇರುವುದೋ ಹೋಗುವುದೋ? ರಕ್ತ ಪಾಸಿಟಿವ್, ವಿಮೆ ಒಪ್ಪುತ್ತದೆ, ಕೊನೆಯ ತಿಂಗಳು ಗಂಡ ಊರು ಬಿಡುವುದಿಲ್ಲ ಅಂತ ಕಂಪನಿಯಿಂದ ಬರೆಸಿಕೊಂಡಿದ್ದಾರೆ, ಅಮ್ಮ ಬರುತ್ತಾರೆ, ಈ ನಾಲ್ಕೂ ಸೇರಿದರೆ ಇಲ್ಲೇ ಇರಿ. ತವರನ್ನೇ ಇಲ್ಲಿಗೆ ಕರೆಸಿಕೊಂಡ ಹಾಗಾಯಿತು. ಅಮ್ಮ ಬರುವುದಿಲ್ಲ, ಗಂಡನ ಓಡಾಟ ನಿಲ್ಲುವುದಿಲ್ಲ ಅಂದರೆ ಹೋಗಿ, ಆದರೆ 28ನೇ ವಾರದ ಆಸುಪಾಸಿನಲ್ಲೇ ಹೊರಡಿ. ಆಮೇಲೆ ವಿಮಾನದವರು ಡಾಕ್ಟರ ಪತ್ರ ಕೇಳುತ್ತಾರೆ, 36ರ ನಂತರ ಹತ್ತಿಸಿಕೊಳ್ಳುವುದೇ ಕಷ್ಟ. 2020ರಲ್ಲಿ ನಿಂತಿದ್ದ ನೇರ ವಿಮಾನಗಳು 2025ರ ಕೊನೆಯಲ್ಲಿ ಮತ್ತೆ ಶುರುವಾಗಿವೆ, ಶಾಂಘೈಯಿಂದ ದೆಹಲಿಗೆ ಹೋಗಿ ಅಲ್ಲಿಂದ ಬೆಂಗಳೂರು ಸೇರಬಹುದು. ನೋಡೋಣ ನೋಡೋಣ ಅಂತ 34 ವಾರದವರೆಗೆ ಎಳೆದು ಆಮೇಲೆ ಗಾಬರಿಯಲ್ಲಿ ಟಿಕೆಟ್ ಹುಡುಕುವುದಿದೆಯಲ್ಲ, ಎಲ್ಲಕ್ಕಿಂತ ಕೆಟ್ಟದ್ದು ಅದು.

ಅಮ್ಮನಿಗೆ ಸಿಗುವುದು ಇಲ್ಲಿರುವ ಹೊರದೇಶದವರ ಮನೆಯವರಿಗೆ ಕೊಡುವ ಎಸ್2 ವೀಸಾ, 180 ದಿನದವರೆಗೆ. ಅದಕ್ಕಿಂತ ಜಾಸ್ತಿ ಇರಬೇಕೆಂದರೆ ಎಸ್1, ಬಂದ 30 ದಿನದೊಳಗೆ ವಾಸದ ಪರವಾನಗಿ ಮಾಡಿಸಬೇಕು. ಯಾವುದಾದರೂ ಸರಿ, ಬಂದ 24 ಗಂಟೆಯಲ್ಲಿ ಹತ್ತಿರದ ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಬೇಕು. ವೀಸಾಗೆ ಬೇಕಾದದ್ದು ಅಳಿಯನ ಹೆಸರಲ್ಲಿ ಆಹ್ವಾನ ಪತ್ರ, ನಿಮ್ಮ ಮದುವೆಯ ಪ್ರಮಾಣಪತ್ರ, ನೀವು ಅವರ ಮಗಳು ಅನ್ನುವುದಕ್ಕೆ ದಾಖಲೆ. ಇಲ್ಲೇ ಎಡವುವುದು. ಮಗಳ ದಾಖಲೆಯಲ್ಲಿ "ಗಿರಿಜಮ್ಮ", ಅಮ್ಮನ ಆಧಾರದಲ್ಲಿ "ಗಿರಿಜಾ ಕೆ.", ಪಾಸ್‌ಪೋರ್ಟಂತೂ ಇನ್ನೂ ಮಾಡಿಸಿಯೇ ಇಲ್ಲ. ನಿಮ್ಮ ಪಾಸ್‌ಪೋರ್ಟಿನ ಕೊನೆಯ ಪುಟ ತೆಗೆದು ಅಮ್ಮನ ಹೆಸರು ಹೇಗೆ ಬರೆದಿದೆ ನೋಡಿ, ಫೋಟೋ ತೆಗೆದು ಇವತ್ತು ಸಂಜೆಯೇ ಅವರಿಗೆ ಕಳಿಸಿ. ಅವರ ಪಾಸ್‌ಪೋರ್ಟ್ ಅರ್ಜಿಯಲ್ಲಿ ಅದೇ ಹೆಸರು ಇರಲಿ.